ಕೊಂಡವಾಡದಲ್ಲಿ ಹುಟ್ಟಿದ ಜಾಲಿ

ಜಾಲಿಕಾಯಿ ತಿಂದ ಆಡಿನ ಬಾಯಿಗೆ ಒಂದು ವಾಸನೆ ಇರುತ್ತದೆ. ಹುಳಿ ಬಂದ ಬೆಲ್ಲದಂಥದ್ದು, ಅದರ ಹಿಂದೆ ಸ್ವಲ್ಪ ತೊಗಲಿನ ಒಗರು. ನಿವೃತ್ತನಾಗಿ ಕೆಲವು ವರ್ಷಗಳಾದ ಮೇಲೆ, ಒಂದು ಬೇಸಿಗೆಯ ಮಧ್ಯಾಹ್ನ, ಆಳಂದದ ಬಸ್ ನಿಲ್ದಾಣದಲ್ಲಿ ನಿಂಬರ್ಗಾದ ಬಸ್ಸಿಗಾಗಿ ಕಾಯುತ್ತ ಕುಳಿತಿದ್ದೆ. ಸಂತೆಗೆ ಬಂದಿದ್ದ ಒಬ್ಬ ಹೆಂಗಸು ಎರಡು ಆಡುಗಳನ್ನು ಹಿಡಿದುಕೊಂಡು ಬಂದು ಪಕ್ಕದ ಕಂಬದ ನೆರಳಿಗೆ ನಿಂತಳು. ಅವುಗಳಲ್ಲಿ ಒಂದು ನನ್ನ ಮೊಣಕಾಲಿನ ಹತ್ತಿರ ಮುಖ ತಂದು ಉಸಿರು ಬಿಟ್ಟಿತು. ನನ್ನ ಬಸ್ಸು ಬಂತು, ಕಂಡಕ್ಟರ್ ಎರಡು ಸಲ ಕೂಗಿದ. ನಾನು ಏಳಲಿಲ್ಲ.

ಮೂವತ್ತು ವರ್ಷ ಗಿಡಮರಗಳ ಬಗ್ಗೆ ಬರೆದವನು ನಾನು. ಯಾವ ಮಣ್ಣಿಗೆ ಯಾವ ಮರ, ಎಷ್ಟು ವರ್ಷಕ್ಕೆ ಕಡಿಯಬೇಕು, ಎಷ್ಟನ್ನು ಬಿಡಬೇಕು, ಎಲ್ಲ ಬರೆದೆ. ಬರೆಯದೆ ಬಿಟ್ಟದ್ದು ನೌಕರಿಯ ಮೊದಲ ಒಂದೂವರೆ ವರ್ಷದ ಕಥೆಯನ್ನು. ಅದನ್ನೀಗ ಬರೆಯುತ್ತಿದ್ದೇನೆ.

ಸಾವಿರದ ಒಂಬೈನೂರ ನಲವತ್ತೇಳರ ಬೇಸಿಗೆ. ನನಗೆ ಇಪ್ಪತ್ತನಾಲ್ಕು. ನಿಂಬರ್ಗಾದಲ್ಲಿ ನಮ್ಮಪ್ಪನಿಗೆ ತೊಗರಿ, ಜೋಳದ ಹೊಲ. ಅವನ ಪಾಲಿಗೆ ಗಿಡ ಅಂದರೆ ಬದುವಿನ ಮೇಲೆ ನಿಂತು ಬೆಳೆಗೆ ನೆರಳು ಹಾಕುವ ಪೀಡೆ. ಮಗ ಅರಣ್ಯದ ಶಾಲೆಯಲ್ಲಿ ಓದಿ ಗಿಡ ಬೆಳೆಸುವ ನೌಕರಿ ಹಿಡಿದದ್ದು ಅವನಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. "ಹೊಲದಾಗಿನ ಜಾಲಿ ಕಿತ್ತು ಕಿತ್ತು ನನ್ನ ಕೈ ಹೋದ್ವು. ನೀ ಅದನ್ನ ಬಿತ್ತಾಕ ಹೊಂಟೀ ಏನಲೇ?" ಎಂದು ನಗುತ್ತಲೇ ಗಾಡಿ ಹತ್ತಿಸಿದ.

ನನ್ನನ್ನು ಹಾಕಿದ್ದು ಅಫಜಲಪುರ ತಾಲೂಕಿಗೆ. ಗೊಬ್ಬೂರ ದಾಟಿ ಭೀಮಾ ಹೊಳೆಯ ಕಡೆ ಹೋದರೆ ದಂಡೆಯ ಮೇಲೆ ಒಂದು ಸಣ್ಣ ಊರು. ಮಹಾಯುದ್ಧದ ವರ್ಷಗಳಲ್ಲಿ ಅಲ್ಲಿಯ ಜಾಲಿಯನ್ನೆಲ್ಲ ಇದ್ದಿಲಿಗೆ, ಗಾಡಿಯ ಗಾಲಿಗೆ, ಚರ್ಮ ಹದ ಮಾಡುವ ತೊಗಟೆಗೆ ಎಂದು ಕಡಿದು ಒಯ್ದಿದ್ದರು. ಉಳಿದದ್ದು ಹನ್ನೆರಡು ಮುದಿ ಮರ. ಬೇರುಗಳ ಹಿಡಿತ ತಪ್ಪಿದ ಮೇಲೆ ಹೊಳೆ ಪ್ರತಿ ಮಳೆಗಾಲ ದಂಡೆಯ ಎರೆಮಣ್ಣನ್ನು ಕೊರೆದು ಒಯ್ಯುತ್ತಿತ್ತು. ರೈತರಿಗೆ ಗಾಲಿ, ಕುಂಟೆ ಮಾಡಿಸಲು ಕಟ್ಟಿಗೆ ಸಿಗುತ್ತಿರಲಿಲ್ಲ. ಅಲ್ಲಿ ಮತ್ತೆ ಜಾಲಿ ಎಬ್ಬಿಸುವ ದಾರಿ ಕಂಡುಹಿಡಿಯಬೇಕು, ಕಂಡದ್ದನ್ನು ಬರೆದಿಡಬೇಕು, ಅದು ನನ್ನ ಕೆಲಸ. ಹನ್ನೆರಡು ಮರಗಳ ಸುತ್ತ ಒಂದಿಷ್ಟು ನೆಲಕ್ಕೆ ಮುಳ್ಳುಬೇಲಿ ಹಾಕಿದ್ದರು. ಜನ ಅದನ್ನು ಸರ್ಕಾರಿ ಬಂದ್ ಎನ್ನುತ್ತಿದ್ದರು.

ನನ್ನ ಜತೆ ಇದ್ದವರು ಆ ದಂಡೆ ಕಾಯುವ ನಾಕೇದಾರ ಲಾಲಸಾಬ್. ಐವತ್ತು ದಾಟಿದವರು. ಮನೆಯಲ್ಲಿ ದಖನಿ, ಊರಲ್ಲಿ ಕನ್ನಡ, ಕಾಗದದಲ್ಲಿ ಉರ್ದು. ಆಗ ನಮ್ಮ ಸಂಸ್ಥಾನದಲ್ಲಿ ಸರ್ಕಾರದ ಕಾಗದವೆಲ್ಲ ಉರ್ದುವಿನಲ್ಲೇ. ಅವರ ಅಕ್ಷರ ಮುತ್ತಿನಂತಿತ್ತು, ಹಾಗಾಗಿ ನಾನು ಗೀಚಿದ್ದನ್ನೆಲ್ಲ ಅವರೇ ಚೆಂದವಾಗಿ ನಕಲು ತೆಗೆಯುತ್ತಿದ್ದರು. ನಾನು ಅವರನ್ನು ಚಾಚಾ ಎಂದು ಕರೆಯುತ್ತಿದ್ದೆ. ವಯಸ್ಸಿನಲ್ಲಿ ನಾನು ಮಗನಷ್ಟಿದ್ದರೂ ಅವರು ನನ್ನನ್ನು ಸಾಬ್ ಎನ್ನುವುದನ್ನು ಬಿಡಲಿಲ್ಲ.

ಜಾಲಿಯ ಬೀಜದ ಸಿಪ್ಪೆ ಕಲ್ಲಿನಂತೆ. ನೀರು ಒಳಗೆ ಇಳಿಯುವುದಿಲ್ಲ. ಶಾಲೆಯಲ್ಲಿ ಕಲಿತಂತೆ ನಾನು ಬಿಸಿ ನೀರಿನಲ್ಲಿ ನೆನೆಸಿದೆ, ಇನ್ನೊಂದಷ್ಟನ್ನು ಸಗಣಿ ನೀರಿನಲ್ಲಿ ಇಟ್ಟೆ. ಮಿರಗದ, ಅಂದರೆ ಮೃಗಶಿರೆಯ, ಮಳೆ ಬಿದ್ದ ಮಾರನೆಯ ದಿನ ಆಳು ಹಚ್ಚಿ ಸಾಲಿನಲ್ಲಿ ಬಿತ್ತಿಸಿದೆ. ಆಗ ಬೇಲಿಯ ಆಚೆ ಒಬ್ಬ ಹೆಂಗಸು ಕೋಲಿನ ಮೇಲೆ ಗದ್ದ ಊರಿ ನೋಡುತ್ತ ನಿಂತಿದ್ದಳು. ಅವಳು ನೀಲವ್ವ. ಗಂಡ ತೀರಿಹೋಗಿದ್ದ, ನಲವತ್ತೈದರ ಆಸುಪಾಸು. ಹನ್ನೊಂದು ಆಡು ಅವಳ ಬದುಕು. ಬಂದ್‌ನಿಂದ ಇನ್ನೂರು ಹೆಜ್ಜೆ ದೂರದಲ್ಲಿ ಅವಳ ಗುಡಿಸಲು, ಅದಕ್ಕೆ ಹೊಂದಿ ಆಡಿನ ದೊಡ್ಡಿ.

"ಸಾಹೇಬ್ರ, ಬೀಜ ಕುದಿಸಿ ಬಿತ್ತಾಕತ್ತೀರೇನ್ರಿ?" ಎಂದು ಕೇಳಿದಳು.

"ಕುದಿಸಿಲ್ಲ ನೀಲವ್ವ, ಬಿಸಿ ನೀರಾಗ ನೆನಸೀವಿ. ಸಿಪ್ಪಿ ಮೆತ್ತಗಾಗಲಿ ಅಂತ."

"ಹಂಗ ಹುಟ್ಟಾಂಗಿಲ್ರಿ. ಜಾಲಿ ಬೀಜ ಆಡಿನ ಹೊಟ್ಟ್ಯಾಗ ಹೊಕ್ಕು ಬರಬೇಕ್ರಿ. ಕಾಯಿ ತಿಂತಾವ, ಆಮ್ಯಾಲೆ ದೊಡ್ಡ್ಯಾಗ ಕುಂತು ಮೆಲಕ ಹಾಕೋ ಮುಂದ ಬೀಜ ಉಗಳತಾವ. ಆ ಬೀಜ ಮಳಿ ಬಿದ್ದ ಎಂಟು ದಿನಕ್ಕ ಎದ್ದು ನಿಂದ್ರತಾವ. ನನ್ನ ದೊಡ್ಡ್ಯಾಗ ಬಂದು ನೋಡ್ರಿ, ಬೇಲಿ ಬುಡದಾಗ ಎಷ್ಟು ಎದ್ದಾವ."

ಇನ್ನೂರು ಹೆಜ್ಜೆ. ನಾನು ಹೋಗಲಿಲ್ಲ. ಆಡು ಕಾಡಿನ ಶತ್ರು ಎಂದು ನಮಗೆ ಕಲಿಸಿದ್ದರು. ಈ ಹೆಂಗಸು ಬಂದ್‌ನೊಳಗೆ ಮೇಯಿಸಲು ದಾರಿ ಮಾಡಿಕೊಳ್ಳುತ್ತಿದ್ದಾಳೆ ಎಂದುಕೊಂಡೆ. "ಆಡು ಬೇಲಿ ದಾಟಿ ಬಂದ್ರ ಕೊಂಡವಾಡಕ್ಕ ಹಾಕಸ್ತೀನಿ ನೋಡು" ಎಂದೆ. ಊರವರ ಬೆಳೆಗೆ ನುಗ್ಗಿದ ದನಕರುಗಳನ್ನು ಹಿಡಿದು ಕೂಡಿಹಾಕುವ ಜಾಗ ಅದು, ಚಾವಡಿಯ ಹಿಂದೆ ಎತ್ತರದ ಗೋಡೆಯ ಒಂದು ಅಂಗಳ. ನೀಲವ್ವ ಕೋಲು ಎತ್ತಿಕೊಂಡಳು. "ಆತ್ರಿ" ಎಂದು ಆಡುಗಳನ್ನು ಅಟ್ಟಿಕೊಂಡು ಹೋದಳು.

ಆ ವರ್ಷ ಮಳೆ ಚೆನ್ನಾಗಿಯೇ ಆಯಿತು. ಹುಲ್ಲು ಎದ್ದಿತು, ಕಳೆ ಎದ್ದಿತು, ನನ್ನ ಸಾಲುಗಳಲ್ಲಿ ಜಾಲಿ ಏಳಲಿಲ್ಲ. ದಿನಾ ಬೆಳಿಗ್ಗೆ ಮೊಣಕಾಲೂರಿ ಹುಡುಕುತ್ತಿದ್ದೆ. ಮಣ್ಣು ಕೆದರಿ ಬೀಜ ತೆಗೆದು ನೋಡಿದರೆ ಹಾಕಿದಾಗ ಹೇಗಿತ್ತೋ ಹಾಗೇ ಇರುತ್ತಿತ್ತು, ಇಲ್ಲವೇ ಹೆಚ್ಚು ಕಾದು ಸತ್ತಿರುತ್ತಿತ್ತು. ಆಗಸ್ಟಿನಲ್ಲಿ ಒಂದು ದಿನ ಹೊಳೆಯ ಆಚೆ ದಂಡೆಯ ಊರಿನಲ್ಲಿ ಹಲಗೆ ಬಾರಿಸುವ ಸದ್ದು ಕೇಳಿತು. ಅಲ್ಲಿ ಧ್ವಜ ಏರಿತ್ತು. ಆಚೆಯದು ಮುಂಬಯಿ ಪ್ರಾಂತ, ಈಚೆಯದು ಸಂಸ್ಥಾನ. ನಮ್ಮ ದಂಡೆಯಲ್ಲಿ ಯಾರೂ ಏನೂ ಏರಿಸಲಿಲ್ಲ. ಜನ ಹೊಳೆಯ ದಂಡೆಗೆ ಬಂದು ನಿಂತು, ಕೆಂಪು ನೀರಿನ ಆಚೆ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ ಮನೆಗೆ ಹೋದರು. ನಾನು ನನ್ನ ಖಾಲಿ ಸಾಲುಗಳಿಗೆ ಹಿಂದಿರುಗಿದೆ.

ದೀಪಾವಳಿ ಕಳೆದ ಮೇಲೆ ವರ್ಷದ ವರದಿ ಬರೆಯಬೇಕಾಯಿತು. ಹುಟ್ಟಿದ ಗಿಡಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ನನ್ನ ಬೀಜ ಹುಟ್ಟಲಿಲ್ಲ ಎಂದು ಬರೆಯುವುದು ಸುಲಭವಿತ್ತು. ನೌಕರಿಗೆ ಸೇರಿದ ಮೊದಲ ವರ್ಷವೇ ಹಾಗೆ ಬರೆಯಲು ನನಗೆ ಮನಸ್ಸು ಬರಲಿಲ್ಲ. ಮೊಳೆತ ಸಸಿಗಳನ್ನು ಊರಿನ ಆಡುಗಳು ನುಗ್ಗಿ ತಿಂದವು, ಆದ್ದರಿಂದ ಪ್ರಯೋಗ ಕೆಟ್ಟಿತು ಎಂದು ಬರೆದೆ. ಯಾರ ಆಡು ಎಂದು ತಿಳಿಸಬೇಕಿತ್ತು. ದಂಡೆಯಲ್ಲಿ ಆಡು ಕಟ್ಟಿದ್ದವಳು ನೀಲವ್ವ ಒಬ್ಬಳೇ. ಅವಳ ಹೆಸರು ಹಾಕಿದೆ.

ಲಾಲಸಾಬ್ ನಕಲು ತೆಗೆಯುತ್ತ ಆ ಸಾಲಿಗೆ ಬಂದು ಲೇಖನಿ ನಿಲ್ಲಿಸಿದರು. ನನ್ನ ಕಡೆ ನೋಡದೆಯೇ ಕೇಳಿದರು: "ಸಾಬ್, ಹುಟ್ಟದ ಗಿಡ ಆಡು ಹೆಂಗ ತಿಂದ್ವುರಿ?"

"ಒಂದೆರಡು ತಿಂದಿರಬೇಕು ಚಾಚಾ. ಬರೀರಿ."

ಅವರು ಲೇಖನಿಯನ್ನು ಶಾಯಿಯಲ್ಲಿ ಅದ್ದಿದರು. ಬರೆದರು.

ಇಷ್ಟಕ್ಕೇ ಮುಗಿಯುತ್ತದೆ ಎಂದುಕೊಂಡಿದ್ದೆ. ಸಂಕ್ರಮಣದ ಹೊತ್ತಿಗೆ ಮೇಲಿನಿಂದ ಹುಕುಂ ಬಂತು. ಆಡುಗಳ ಹಾವಳಿ ಇಷ್ಟಿರುವುದರಿಂದ ಬಂದ್ ಅಷ್ಟೇ ಅಲ್ಲ, ಊರಿನ ಇಡೀ ಹೊಳೆದಂಡೆಯಲ್ಲಿ ಮೇವು ನಿಷೇಧ. ದನ, ಎಮ್ಮೆ, ಕುರಿ, ಯಾವುದೂ ಕಾಲಿಡುವಂತಿಲ್ಲ. ಚಾವಡಿಯಲ್ಲಿ ಅದನ್ನು ಓದಿ ಹೇಳಿದಾಗ ನಾನು ಅಲ್ಲೇ ಕುಳಿತಿದ್ದೆ. ಬೇಸಿಗೆಯಲ್ಲಿ ಆ ಊರಿನ ದನಗಳಿಗೆ ಹಸಿರು ಸಿಗುತ್ತಿದ್ದದ್ದು ಹೊಳೆಯ ಪಕ್ಕದಲ್ಲಿ ಮಾತ್ರ. ಜನ ಸರ್ಕಾರವನ್ನು ಬೈಯುವ ಧೈರ್ಯ ಮಾಡಲಿಲ್ಲ. ನೀಲವ್ವನನ್ನು ಬೈದರು. "ನಿನ್ನ ಹನ್ನೊಂದು ಆಡಿನ ಸಲುವಾಗಿ ಊರ ದನಾ ಉಪವಾಸ ಬಿದ್ವಲ್ಲ ಬೇ" ಎಂದು ಗೌಡರ ಮನೆಯ ಮುದುಕಿ ಬಾವಿಯ ಹತ್ತಿರ ಎಲ್ಲರ ಮುಂದೆ ಅಂದಳಂತೆ. ನೀಲವ್ವ ಕೊಡ ಎತ್ತಿಕೊಂಡು ಬಂದುಬಿಟ್ಟಳಂತೆ. ಲಾಲಸಾಬ್ ಇದನ್ನು ಹೇಳಿದಾಗ ನಾನು ಮರದ ಸುತ್ತಳತೆ ಬರೆದುಕೊಳ್ಳುತ್ತಿದ್ದೆ, ತಲೆ ಎತ್ತಲಿಲ್ಲ.

ಏಪ್ರಿಲ್ ಬಂತು. ಹನ್ನೆರಡು ಮರಗಳ ಕಾಯಿ ಒಣಗಿ, ಗಾಳಿ ಬಂದಾಗ ಗಿಲಗಿಲ ಎನ್ನುತ್ತ ಉದುರತೊಡಗಿದವು. ಹೊರಗೆ ಎಲ್ಲೂ ಒಂದು ಎಲೆ ಇಲ್ಲ, ಬೇಲಿಯೊಳಗೆ ನೆಲದ ತುಂಬ ಕಾಯಿ. ನೀಲವ್ವನ ಮಗಳು ಬಾಣಂತನಕ್ಕೆ ಬಂದಿದ್ದಳು. ತಾಯಿಗೆ ಎದೆಹಾಲು ಸಾಲದೆ ಕೂಸಿಗೆ ಆಡಿನ ಹಾಲು ಕುಡಿಸುತ್ತಿದ್ದರು. ಆಡು ಹಸಿದರೆ ಹಾಲೆಲ್ಲಿ? ಒಂದು ದಿನ ಬೇಲಿಯ ಸಂದಿಯಲ್ಲಿ ಅವು ಒಳಗೆ ನುಗ್ಗಿದವು. ಅವಳೇ ಬಿಟ್ಟಳೋ, ತಾವೇ ನುಗ್ಗಿದವೋ, ನಾನು ಕೇಳಲಿಲ್ಲ. ಆ ವಾರವೇ ದೊಡ್ಡ ಸಾಹೇಬರು ತಪಾಸಣೆಗೆ ಬರುವವರಿದ್ದರು. ವರದಿಯಲ್ಲಿ ಬರೆದದ್ದಕ್ಕೆ ಕಣ್ಣೆದುರಿನ ಸಾಕ್ಷಿ ಸಿಕ್ಕಿತು ಎಂದು ನನಗೆ ಒಳಗೊಳಗೇ ಸಮಾಧಾನವಾಯಿತು. ಈಗ ಹೇಳಲು ನಾಚಿಕೆಯಾಗುತ್ತದೆ. ಹನ್ನೊಂದೂ ಆಡುಗಳನ್ನು ಕೊಂಡವಾಡಕ್ಕೆ ಹಾಕಿಸಿದೆ.

ನೀಲವ್ವ ಅದೇ ಮಧ್ಯಾಹ್ನ ಬಂದಳು. "ತಪ್ಪಾತ್ರಿ ಸಾಹೇಬ್ರ. ದಂಡ ಏನರೆ ಇದ್ರ ಹೇಳ್ರಿ, ದುಡದು ತೀರಸ್ತೀನಿ. ಆಡು ಬಿಡ್ರಿ."

"ದಂಡದ ಮಾತಲ್ಲ ನೀಲವ್ವ. ದೊಡ್ಡ ಸಾಹೇಬ್ರು ನಾಳೆ ಬರ್ತಾರ. ಅವರು ನೋಡಿದ ಮ್ಯಾಲೆ ಬಿಡ್ತೀನಿ."

ಮರುದಿನ ಸಾಹೇಬರು ಬರಲಿಲ್ಲ. ಅದರ ಮರುದಿನ ಬರುತ್ತಾರೆಂದು ಸುದ್ದಿ ಬಂತು. ಆಡುಗಳು ಒಳಗೆ, ಅವುಗಳ ನಾಲ್ಕು ಮರಿಗಳು ಗುಡಿಸಲಲ್ಲಿ. ಮರಿಗಳ ಕೂಗು ಚಾವಡಿಯವರೆಗೂ ಕೇಳುತ್ತಿತ್ತು. ಎರಡನೆಯ ದಿನ ಅವಳು ಮರಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು, "ಇವನ್ನರೆ ತಾಯಿ ಕಡಿ ಬಿಡ್ರಿ, ಸಾಯ್ತಾವ" ಎಂದಳು. ನಾನು ದೊಡ್ಡ ಮನಸ್ಸು ಮಾಡಿದವನಂತೆ ಬಾಗಿಲು ತೆಗೆಸಿ ಮರಿಗಳನ್ನು ಒಳಗೆ ಬಿಡಿಸಿದೆ.

ಆ ಸಂಜೆ ಲಾಲಸಾಬ್ ಓಡುತ್ತ ಬಂದರು. ಆ ವರ್ಷ ಊರೂರಿಗೆ ಬಂದೂಕು ಹಿಡಿದ ಗುಂಪುಗಳು ನುಗ್ಗಿ ಕಾಳು, ಕೋಳಿ, ಸಿಕ್ಕಿದ್ದನ್ನು ಒಯ್ಯುತ್ತಿದ್ದವು. ಅಂಥದೊಂದು ಗುಂಪು ಪಕ್ಕದ ಊರಿಗೆ ಬಂದು ಇಳಿದಿತ್ತು. "ಸಾಬ್, ಆಡು ಇವತ್ತೇ ಬಿಟ್ಟುಬಿಡ್ರಿ. ಆ ಮಂದಿ ಬೆಳಿಗ್ಗಿ ಇಲ್ಲಿಗೇ ಬರ್ತಾರ. ಚಾವಡಿ ಹಿಂದ ಕಟ್ಟಿದ ಆಡು ಕಂಡ್ರ ಬಿಡ್ತಾರೇನು?"

"ನಾಳೆ ಸಾಹೇಬ್ರು ಖಂಡಿತ ಬರ್ತಾರಂತ ಚಾಚಾ. ಬೆಳಿಗ್ಗಿ ತೋರಿಸಿ ಬಿಟ್ಟುಬಿಡೋಣ."

ಅವರು ಹೊರಟುಹೋದರು. ನಾಕೇದಾರ ಎಷ್ಟು ಹೇಳಬಹುದೋ ಅಷ್ಟು ಹೇಳಿದ್ದರು.

ಬೆಳಿಗ್ಗೆ ನಾನು ಬಂದ್‌ನ ದಾರಿಯಲ್ಲಿ ಸಾಹೇಬರಿಗಾಗಿ ಕಲ್ಲುಗಳಿಗೆ ಸುಣ್ಣ ಹೊಡೆಸುತ್ತಿದ್ದೆ. ಚಾವಡಿಯ ಕಡೆ ಲಾರಿಯ ಸದ್ದಾಯಿತು. ಓಡಿಹೋದೆ. ಕೊಂಡವಾಡದ ಬಾಗಿಲಿಗೆ ಬೆನ್ನು ಕೊಟ್ಟು ಲಾಲಸಾಬ್ ನಿಂತಿದ್ದರು. "ಗರೀಬ್ ಔರತ್ ಕೀ ಬಕರಿಯಾಂ ಹೈಂ, ಛೋಡ್ ದೋ ಬಾಬಾ" ಎಂದು, ಬಡ ಹೆಂಗಸಿನ ಆಡುಗಳನ್ನು ಬಿಟ್ಟುಬಿಡಿರೆಂದು ಬೇಡುತ್ತಿದ್ದರು. ಒಬ್ಬ ಬಂದೂಕಿನ ಹಿಂಬದಿಯಿಂದ ಅವರ ಭುಜಕ್ಕೆ ಹೊಡೆದ. ಅವರು ಗೋಡೆಗೆ ಒರಗಿ ಕೆಳಗೆ ಕುಸಿದರು. ನಾನು ಗೋಡೆಯ ಮೂಲೆಯ ಈಚೆ ಇದ್ದೆ. ಮುಂದೆ ಹೆಜ್ಜೆ ಇಡಬೇಕೆಂದುಕೊಂಡೆ. ಗೋಡೆಗೆ ಅಂಟಿಕೊಂಡು ನಿಂತೆ. ಹನ್ನೊಂದು ಆಡು, ನಾಲ್ಕು ಮರಿ, ಕಾಲು ಹಿಡಿದು ಲಾರಿಗೆ ಎಸೆದರು. ಲಾರಿ ಹೋಯಿತು. ಆ ಮೇಲಷ್ಟೇ ನಾನು ಮೂಲೆ ತಿರುಗಿದೆ.

ನೀಲವ್ವ ಬಂದಾಗ ಬಾಗಿಲು ತೆರೆದಿತ್ತು. ಒಳಗೆ ಹೋಗಿ ಅಂಗಳವನ್ನು ಒಂದು ಸುತ್ತು ಬಂದಳು, ಎಲ್ಲಾದರೂ ಒಂದು ಮರಿ ಉಳಿದಿದೆಯೇ ಎಂದು ನೋಡುವವಳಂತೆ. ಅಳಲಿಲ್ಲ. ನನ್ನ ಮುಂದೆ ಬಂದು ನಿಂತಳು. "ಸಾಹೇಬ್ರ, ತೋರಸಬೇಕಾದವರಿಗೆ ತೋರಿಸಿದ್ರೇನ್ರಿ?" ಎಂದು ಕೇಳಿದಳು. ದೊಡ್ಡ ಸಾಹೇಬರು ಆ ದಿನವೂ ಬರಲಿಲ್ಲ. ಗಲಾಟೆಯ ಕಾಲವೆಂದು ತಪಾಸಣೆಯನ್ನೇ ರದ್ದು ಮಾಡಿದ್ದರು.

ಮರುದಿನ ಅವಳು ಬಾಣಂತಿ ಮಗಳನ್ನೂ ಕೂಸನ್ನೂ ಕರೆದುಕೊಂಡು, ಬೇಸಿಗೆಯಲ್ಲಿ ಮೊಣಕಾಲುದ್ದಕ್ಕೆ ಇಳಿದಿದ್ದ ಹೊಳೆಯನ್ನು ದಾಟಿ ಆಚೆಯ ತನ್ನ ಅಣ್ಣನ ಊರಿಗೆ ಹೋದಳು. ಆ ತಿಂಗಳು ಹಾಗೆ ದಾಟಿದವರು ಬಹಳ ಜನ. ಅವರೆಲ್ಲ ಬಂದೂಕಿಗೆ ಹೆದರಿ ಹೋದರು. ಅವಳು ಹೋದದ್ದು ಅದಕ್ಕಲ್ಲ ಎಂಬುದು ನನಗೂ ಲಾಲಸಾಬರಿಗೂ ಗೊತ್ತಿತ್ತು.

ಜೂನಿನಲ್ಲಿ ಮಿರಗ ಹಿಡಿಯಿತು. ಎಂಟೊಂಬತ್ತು ದಿನ ಕಳೆದಿರಬೇಕು. ಲಾಲಸಾಬ್ ಬಂದು, "ಸಾಬ್, ಜರಾ ಕೊಂಡವಾಡಕ್ಕ ಬರ್ರಿ" ಎಂದರು. ಅವರ ಭುಜ ಇನ್ನೂ ಸರಿಯಾಗಿರಲಿಲ್ಲ, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡೇ ನಡೆಯುತ್ತಿದ್ದರು. ಬಾಗಿಲು ದೂಡಿದೆವು. ಮೂರು ದಿನ ಆಡುಗಳು ಮಲಗಿ ಮೆಲುಕು ಹಾಕಿದ ಮೂಲೆಯಲ್ಲಿ, ಹಿಕ್ಕೆಯ ನಡುವಿನಿಂದ, ಜಾಲಿಯ ಸಸಿಗಳು ಎದ್ದು ನಿಂತಿದ್ದವು. ಒಂದೆರಡಲ್ಲ, ಕಾಲಿಡಲು ಜಾಗವಿಲ್ಲದಷ್ಟು. ನಾನು ವರ್ಷವಿಡೀ ಮೊಣಕಾಲೂರಿ ಹುಡುಕಿದ್ದು ಅಲ್ಲಿ ಯಾರೂ ಬಿತ್ತದೆ ಬಂದಿತ್ತು. ಮಣ್ಣು ಕೆದರಿ ಒಂದು ಬೀಜ ತೆಗೆದೆ. ಸಿಪ್ಪೆ ಮೆತ್ತಗಾಗಿ, ಹೊಟ್ಟೆ ಒಡೆದು, ಬಿಳಿ ಬೇರು ಚಾಚಿತ್ತು.

ಅಲ್ಲಿಂದ ನೇರವಾಗಿ ನೀಲವ್ವನ ದೊಡ್ಡಿಗೆ ಹೋದೆವು. ಒಂದು ವರ್ಷ ತಡವಾಗಿ ಆ ಇನ್ನೂರು ಹೆಜ್ಜೆ ನಡೆದೆ. ಗುಡಿಸಲಿನ ಬಾಗಿಲಿಗೆ ಮುಳ್ಳಿನ ಕೊಂಬೆ ಅಡ್ಡ ಇಟ್ಟಿತ್ತು. ದೊಡ್ಡಿಯ ಬೇಲಿಯ ಬುಡದಲ್ಲಿ ಹೊಸ ಸಸಿ, ಹಿಂದಿನ ವರ್ಷದ ಮೊಣಕಾಲೆತ್ತರದ ಗಿಡ, ಅದಕ್ಕೂ ಹಿಂದಿನ ವರ್ಷದ ಸೊಂಟದೆತ್ತರದ ಗಿಡ, ಎಲ್ಲ ಇದ್ದವು. ಒಳಗೆ ಒಣಹಿಕ್ಕೆಯ ರಾಶಿಯಲ್ಲಿ ಉಗುಳಿದ ಬೀಜ ಹಿಡಿ ಹಿಡಿ ಸಿಕ್ಕವು. ಲಾಲಸಾಬ್ ಮತ್ತು ನಾನು ಎರಡು ದಿನ ಜಾಲರಿಯಲ್ಲಿ ಜಾಡಿಸಿ ಬೀಜ ತೆಗೆದೆವು. ಬಂದ್‌ನಲ್ಲಿ ಹಳೆಯ ಸಾಲುಗಳನ್ನೇ ಬಿಡಿಸಿ ಬಿತ್ತಿದೆವು. ಆಷಾಢ ಮುಗಿಯುವ ಮೊದಲು ಸಾಲುಗಳು ಹಸಿರಾದವು. ನನ್ನ ಹೆಸರಿನಲ್ಲಿ ಇರುವ ಭೀಮಾ ದಂಡೆಯ ಜಾಲಿವನಕ್ಕೆ ಮೊದಲ ಬೀಜ ಬಂದದ್ದು ಅಲ್ಲಿಂದ, ಆ ಹೊತ್ತಿಗೆ ಯಾರದೋ ಒಲೆಯಲ್ಲಿ ಬೆಂದುಹೋಗಿದ್ದ ಹನ್ನೊಂದು ಆಡುಗಳಿಂದ.

ಸೆಪ್ಟೆಂಬರಿನಲ್ಲಿ ಸೊಲ್ಲಾಪುರದ ಕಡೆಯಿಂದ ಸೈನ್ಯ ಬಂತು. ಕೆಲವೇ ದಿನಗಳಲ್ಲಿ ಸಂಸ್ಥಾನ ಮುಗಿಯಿತು. ಬಂದೂಕಿನ ಗುಂಪುಗಳು ಕಾಣೆಯಾದವು. ಆದರೆ ಅವರು ಮಾಡಿದ್ದಕ್ಕೆ ಲೆಕ್ಕ ಕೇಳುವವರು ಅವರನ್ನು ಹುಡುಕಿಕೊಂಡು ಹೋಗಲಿಲ್ಲ, ಅವರದೇ ಧರ್ಮದವರೆಂದು ಹತ್ತಿರ ಸಿಕ್ಕವರ ಬಾಗಿಲಿಗೆ ಹೋದರು. ಊರಿನಲ್ಲಿ ಲಾಲಸಾಬರ ಮನೆಯ ಬಗ್ಗೆ ಗುಸುಗುಸು ಶುರುವಾಯಿತು. ನೀಲವ್ವನ ಆಡಿಗಾಗಿ ಭುಜ ಮುರಿಸಿಕೊಂಡ ಮನುಷ್ಯ! ಜೇವರ್ಗಿ ಕಡೆಯ ಇಜೇರಿಯಲ್ಲಿ ಅವರ ಬೀಗರಿದ್ದರು. ಅಲ್ಲಿಗೆ ಮುಟ್ಟಿಸಿ ಬರುತ್ತೇನೆಂದು ನಾನು ಗಾಡಿಯ ಜತೆ ಹೊರಟೆ. ಹೊಳೆ ದಾಟುವ ಕಡವಿನಲ್ಲಿ ನಾಲ್ಕು ಜನ ಕೋಲು ಹಿಡಿದು ನಿಂತಿದ್ದರು. "ಗಾಡ್ಯಾಗ ಯಾರದಾರ?" ಎಂದರು. "ನಮ್ಮ ಮನಿಯವರು" ಎಂದೆ. ಬಿಟ್ಟರು. ಆ ಒಂದೂವರೆ ವರ್ಷದಲ್ಲಿ ನಾನು ಹೆದರದೆ ಆಡಿದ ಮಾತು ಅದೊಂದೇ.

ಹರಗೋಲಿನಿಂದ ಆಚೆ ದಂಡೆಗೆ ಇಳಿದ ಮೇಲೆ ಲಾಲಸಾಬ್ ನನ್ನ ಕೈ ಹಿಡಿದುಕೊಂಡರು. "ನನಗೇನೂ ಬ್ಯಾಡ್ರಿ ಸಾಬ್. ಆ ಕಾಗದ ಒಂದು ತಿದ್ದಿಬಿಡ್ರಿ. ಸುಳ್ಳು ನಿಮ್ಮದಿರಬಹುದು, ಅಕ್ಷರ ನನ್ನದದ."

"ತಿದ್ದತೀನಿ ಚಾಚಾ" ಎಂದೆ.

ಎರಡು ತಿಂಗಳಲ್ಲಿ ಗಲಾಟೆ ತಣ್ಣಗಾಗಿ ಅವರು ಕೆಲಸಕ್ಕೆ ಮರಳಿದರು. ಕಾಗದ ಇನ್ನೂ ತಿದ್ದಿರಲಿಲ್ಲ. ಅವರು ಕೇಳಲೂ ಇಲ್ಲ. ಅವರು ಕೇಳದೆ ಇದ್ದದ್ದೇ ನನ್ನನ್ನು ಚುಚ್ಚಿ, ಡಿಸೆಂಬರಿನಲ್ಲಿ ಅಫಜಲಪುರದ ಸಂತೆಯಲ್ಲಿ ಎರಡು ಹೆಣ್ಣಾಡು ಕೊಂಡು, ಹೊಳೆ ದಾಟಿ ನೀಲವ್ವನ ಅಣ್ಣನ ಊರಿಗೆ ಹೋದೆ. ಅವಳು ಯಾರದೋ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದಳು. ನನ್ನನ್ನು ನೋಡಿ ಉಡಿಯಲ್ಲಿದ್ದ ಹತ್ತಿಯನ್ನು ಕೆಳಗಿಟ್ಟು ಬದುವಿಗೆ ಬಂದಳು. ಬಂದವಳು ಮೊದಲು ಕೈ ಆಡಿಸಿದ್ದು ಆಡುಗಳ ಬೆನ್ನ ಮೇಲೆ.

"ಮಮ್ಮಗ ಹೆಂಗದಾನ?" ಎಂದೆ.

"ಅದಾನ್ರಿ. ಬಡಕಲಾಗ್ಯಾನ."

ನಾನು ಹೇಳಬೇಕಾದದ್ದನ್ನು ಹೇಳಿದೆ. ಕೊಂಡವಾಡದಲ್ಲಿ ಹುಟ್ಟಿದ್ದು, ಅವಳ ದೊಡ್ಡಿಯ ಬೀಜ ಬಿತ್ತಿದ್ದು, ಎಲ್ಲ. "ನೀ ಹೇಳಿದ್ದು ಖರೇ ಆತು ನೀಲವ್ವ. ನಾನೇ ತಿಳಿಗೇಡಿ."

ಅವಳ ಮುಖ ಅರಳಿತು. ಅದನ್ನು ನಾನು ನಿರೀಕ್ಷಿಸಿರಲಿಲ್ಲ. "ಎಷ್ಟೆತ್ತರ ಬಂದಾವ್ರಿ?" ಎಂದಳು. ಗೇಣಿಗಿಂತ ಸ್ವಲ್ಪ ಮೇಲೆ ಕೈ ತೋರಿಸಿದೆ. "ಬೇಷ್ ಆತು ನೋಡ್ರಿ! ಈಗ ಮೂರು ವರ್ಷ ಆಡು ಬಿಡಬ್ಯಾಡ್ರಿ ಒಳಗ. ಎಳೀವು ಇರತಾವ, ಕಚ್ಚಿಬಿಡ್ತಾವ. ಆಮ್ಯಾಲೆ ಬಿಡ್ರಿ, ಆಗ ಗಿಡಕ್ಕ ಏನೂ ಆಗಾಂಗಿಲ್ಲ." ಕಾಡಿನ ಶತ್ರುವನ್ನು ಸಾಕಿದವಳು ನನಗೆ ಕಾಡು ಕಾಯುವ ಪಾಠ ಹೇಳುತ್ತಿದ್ದಳು.

ಆಡುಗಳ ಹಗ್ಗವನ್ನು ಅವಳ ಕೈಗೆ ಕೊಡಲು ಹೋದೆ. ತೆಗೆದುಕೊಳ್ಳಲಿಲ್ಲ.

"ಇವನ್ನ ಎಲ್ಲಿ ಕಟ್ಟಲ್ರಿ? ಅಣ್ಣನ ಮನ್ಯಾಗ ನನಗ ಮಲಗಾಕ ಜಾಗ ಇಲ್ಲ. ನಮ್ಮ ಊರಿಗಿ ಬಂದು ಕಟ್ಟಬೇಕು. ಆದ್ರ ಊರಾಗ ನನ್ನ ಹೆಸರು ಕೆಟ್ಟದ. ನನ್ನ ಆಡಿನ ಸಲುವಾಗಿ ಹೊಳಿ ದಂಡಿ ಮುಚ್ಚಿದ್ರು ಅಂತಾರ. ಗುಡಿಸಲ ಹಾಕಗೊಡಾಂಗಿಲ್ಲ." ಆಡುಗಳನ್ನು ನನ್ನ ಕಡೆಗೆ ತಿರುಗಿಸಿದಳು. "ನೀವು ಒಂದ ಸಲ ಚಾವಡಿ ಮುಂದ ನಿಂತು, ಗಿಡ ತಿಂದದ್ದು ಆಡಲ್ಲ ಅಂತ ನಾಲ್ಕು ಮಂದಿ ಮುಂದ ಹೇಳ್ರಿ. ಅಷ್ಟ ಸಾಕ್ರಿ. ಆಡು ನಾನೇ ಮತ್ತ ಮಾಡಕೋತೀನಿ."

"ಹೇಳ್ತೀನಿ" ಎಂದೆ. "ಎಳ್ಳ ಅಮಾಸಿ ಮರುದಿನ ಊರವರೆಲ್ಲ ಚಾವಡ್ಯಾಗ ಕೂಡತಾರ. ನೀ ಬಾ. ನಿನ್ನ ಮುಂದೇ ಹೇಳ್ತೀನಿ."

ಆಡುಗಳನ್ನು ವಾಪಸು ಹೊಡೆದುಕೊಂಡು ಬಂದೆ. ಅವಳು ಬಂದ ದಿನ ಕೊಡೋಣವೆಂದು ಲಾಲಸಾಬರ ಹಿತ್ತಲಲ್ಲಿ ಕಟ್ಟಿದೆ.

ಅಮಾವಾಸ್ಯೆಗೆ ಎರಡು ದಿನ ಮೊದಲು ಅಫಜಲಪುರದಿಂದ ತಂತಿ ಬಂತು. ಹಸಿರಾದ ಸಾಲುಗಳ ಬಗ್ಗೆ ನಾನು ಕಳಿಸಿದ್ದ ಎರಡನೆಯ ವರ್ಷದ ವರದಿ ಮೇಲಿನವರಿಗೆ ಬಹಳ ಹಿಡಿಸಿತ್ತು. ಹೆಚ್ಚಿನ ತರಬೇತಿಗೆ ನನ್ನನ್ನು ಡೆಹ್ರಾಡೂನಿಗೆ ಆರಿಸಿದ್ದರು. ಕಾಗದಪತ್ರಕ್ಕಾಗಿ ಬೇಗ ಕಲಬುರ್ಗಿಗೆ ಬರಬೇಕು. ಬೇಗ ಎಂದಿತ್ತು, ದಿನ ಹೇಳಿರಲಿಲ್ಲ. ಎರಡು ದಿನ ತಡವಾಗಿ ಹೋಗಬಹುದಿತ್ತು. ಆದರೆ ಚಾವಡಿಯಲ್ಲಿ ನಿಂತು ಮೊದಲ ವರದಿ ಸುಳ್ಳೆಂದರೆ ಆ ಮಾತು ಕಲಬುರ್ಗಿಗೆ ಮುಟ್ಟಲು ಎಷ್ಟು ಹೊತ್ತು? ಆರಿಸಿದವರು ಕೈಬಿಟ್ಟರೆ? ಅಮಾವಾಸ್ಯೆಯ ಬೆಳಿಗ್ಗೆ, ಜನ ಗಾಡಿ ಕಟ್ಟಿಕೊಂಡು, ಸಜ್ಜೆ ರೊಟ್ಟಿ ಬುತ್ತಿ ಹೊತ್ತು ಹೊಲಕ್ಕೆ ಹೋಗುತ್ತಿರುವಾಗ, ನಾನು ಹಾಸಿಗೆ ಪೆಟ್ಟಿಗೆ ಕಟ್ಟಿಕೊಂಡು ಎದುರು ದಿಕ್ಕಿಗೆ ಹೊರಟೆ. "ನೀಲವ್ವಗ ಹೇಳಿಬಿಡ್ರಿ ಚಾಚಾ, ಮತ್ತ ಬಂದಾಗ..." ಎಂದೆ. ಲಾಲಸಾಬ್ ಪೆಟ್ಟಿಗೆಯನ್ನು ಗಾಡಿಗೆ ಎತ್ತಿಟ್ಟರು.

ಮುಂದೆ ನಾನು ಹೆಸರು ಮಾಡಿದೆ. ದೊಡ್ಡಿಯ ಬೀಜ ಬಿತ್ತುವುದು, ಮೂರು ವರ್ಷ ಮುಚ್ಚುವುದು, ಆಮೇಲೆ ಊರ ಆಡುಗಳಿಗೆ ತೆರೆಯುವುದು, ದಂಡೆಯನ್ನು ಮೂರು ಪಾಲು ಮಾಡಿ ಸರದಿಯ ಮೇಲೆ ಮುಚ್ಚಿ ತೆರೆಯುವುದು. ಜನಕ್ಕೆ ಮೇವೂ ಕಟ್ಟಿಗೆಯೂ ಸಿಗಬೇಕು, ಕಾಡೂ ಉಳಿಯಬೇಕು ಎಂದು ಕಲಿಸುತ್ತ ಊರೂರು ತಿರುಗಿದೆ. ದಂಡೆಗಳು ಹಸಿರಾದದ್ದು ನಿಜ. ಬರೆದಲ್ಲೆಲ್ಲ ಇದನ್ನು ಸ್ಥಳೀಯ ಪದ್ಧತಿ ಎಂದೆ, ಯಾರ ಹೆಸರನ್ನೂ ಹಾಕಲಿಲ್ಲ. ಅವಳ ಹೆಸರು ನಾನು ಬರೆದದ್ದು ಆ ಸುಳ್ಳಿನ ವರದಿಯಲ್ಲಿ ಮಾತ್ರ. ಅದನ್ನು ತಿದ್ದಲೂ ಇಲ್ಲ.

ಆರು ವರ್ಷದ ಮೇಲೆ ಅಧಿಕಾರಿಯಾಗಿ ಜೇವರ್ಗಿ ಕಡೆ ಪ್ರವಾಸ ಬಂದಾಗ ಇಜೇರಿಗೆ ಹೋದೆ. ಲಾಲಸಾಬ್ ಕೆಲಸ ಬಿಟ್ಟು ಮಗಳ ಊರು ಸೇರಿದ್ದರು. ಬೇವಿನ ಕೆಳಗೆ ಹೊರಸು ಹಾಕಿ ಕೂರಿಸಿ ಚಹಾ ತರಿಸಿದರು. ಬಲಗೈ ಭುಜದ ಮೇಲೆ ಏಳುತ್ತಿರಲಿಲ್ಲ. ಮಾತೆಲ್ಲ ಮುಗಿದ ಮೇಲೆ ಕೇಳಿದೆ: "ಆವತ್ತು ನೀಲವ್ವ ಬಂದಿದ್ಲೇನ್ರಿ?"

"ಬಂದಿದ್ಲು. ಮಗಳನ್ನ, ಕೂಸನ್ನ ಕಟಗೊಂಡೇ ಬಂದಿದ್ಲು. ನೀವು ಹೋದ್ರಿ ಅಂತ ಹೇಳಿದೆ, ಆಕಿ ನಂಬಲಿಲ್ಲ. ಚಾವಡಿ ಕಟ್ಟಿ ಮ್ಯಾಲೆ ಕುಂತ್ಲು. ಮಂದಿ ಕೂಡಿದ್ರು. ಆಡಿಂದು ತಪ್ಪಿಲ್ಲ ಅಂತ ನಾನೇ ಎದ್ದು ಹೇಳಿದೆ ಸಾಬ್. ಆ ಹೊತ್ತಿನ್ಯಾಗ ನನ್ನ ಮಾತು ಯಾರು ಕೇಳಬೇಕ್ರಿ? ಕುಂದ್ರೋ ಮಾರಾಯ ಅಂದ್ರು."

"ಆಮ್ಯಾಲೆ?"

"ಹೊತ್ತು ಇಳಿಯೋತನಕ ಕುಂತಿದ್ಲು. ನಿಮ್ಮ ಎರಡು ಆಡು ತಂದು ಮುಂದ ನಿಂದ್ರಿಸಿದೆ, ಒಲ್ಲೆ ಅಂದ್ಲು. ಹೊಳಿ ದಾಟಬೇಕಲ್ಲ, ಎದ್ಲು."

"ನನಗ ಬೈದ್ಲೇನು ಚಾಚಾ?"

ಲಾಲಸಾಬ್ ತಲೆ ಅಲ್ಲಾಡಿಸಿದರು. "ಬೈಯಲಿಲ್ರಿ. ಕುಂತ ಮಂದಿ ನಗಾಕತ್ತಿದ್ರು, ನಿನ್ನ ಸಾಹೇಬ ಕೈ ಕೊಟ್ಟ ಅಂತ. ಆಕಿ ಅವರ ಕಡಿ ತಿರುಗಿ, 'ಹಂಗ ಅನಬ್ಯಾಡ್ರಿ. ಸಾಹೇಬ್ರು ಸುಳ್ಳ ಹೇಳಾವರಲ್ಲ. ಏನರೆ ಅಡಚಣಿ ಬಂದಿರಬೇಕು' ಅಂದು, ಮಗಳ ಕೈಯಾಗಿನ ಕೂಸನ್ನ ತಾ ಇಸಗೊಂಡು ಹೋದ್ಲು."